ಗಿಡ್ಡ ತೋಟಾದ ಬಾಯಿ

ನವೆಂಬರ್ ೧೧

ಇವರಿಗೆ ಮಾತು ಮರಳಿ ಬಂದಿದೆ, ಬಲಗೈ ಬಂದಿಲ್ಲ. ಲಕ್ವ ಹೊಡೆದ ದಿನ ಸಾಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಎರಡನ್ನೂ ಬೇಡಿಕೊಂಡಿದ್ದೆ.

ಮನೆಗೆ ಬಂದ ದಿನವೇ ಮಂಚದ ಮೇಲಿಂದ ಕೂಗಿದರು: "ಎಂ.ಎ., ನೀರು!" ಡ್ರಿಲ್ ಮೇಷ್ಟ್ರ ಗಂಟಲು. ತೊದಲಿದರೂ ಗದರಿಕೆ ಗದರಿಕೆಯೇ. ಮದುವೆಯಾದ ಹೊಸತರಲ್ಲಿ ನನ್ನ ಕನ್ನಡ ಎಂ.ಎ.ಯನ್ನು 'ಎಮ್ಮೆ' ಎಂದು ಓದಿ ನಕ್ಕಿದ್ದರು. ನಗು ಹೋಯಿತು, ಹೆಸರು ಉಳಿಯಿತು.

ಸಂಜೆ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚಿದೆ. ನಿದ್ದೆಹೋದ ಮಗುವಿನ ಕೈಯ ಹಾಗೆ ಭಾರ. ನಮಗೆ ಮಕ್ಕಳಿಲ್ಲ, ಈ ಹೋಲಿಕೆ ಎಲ್ಲಿಂದ ಬಂತೋ. ನನ್ನ ಕೆನ್ನೆಯ ಮೇಲೆ ಬಿದ್ದ ಕೈಯೂ ಇದೇ. ಆದರೂ ಬೆರಳುಗಳನ್ನು ಒಂದೊಂದಾಗಿ ನೀವುವಾಗ ಕಣ್ಣು ತುಂಬಿತು. ಇಷ್ಟು ದೊಡ್ಡ ಗಂಡಸು, ಒಂದು ಅಂಗಿ ಗುಂಡಿಗೆ ಸೋತು ಕೂತಿದ್ದಾರೆ.

ಕಾಲೇಜಿಗೆ ಈ ವರ್ಷ ಪಾಠಕ್ಕೆ ಬರುವುದಿಲ್ಲವೆಂದು ತಿಳಿಸಿದೆ. ದಿಂಬಿನ ಪಕ್ಕ ಒಂದು ಕವನ ಸಂಕಲನ ಇಟ್ಟುಕೊಂಡಿದ್ದೇನೆ. ದಿನಕ್ಕೊಂದು ಪದ್ಯ ಓದುವೆನೆಂದು ನನಗೆ ನಾನೇ ಮಾತು ಕೊಟ್ಟಿದ್ದೇನೆ.

ನವೆಂಬರ್ ೧೫

ಹೂವಪ್ಪ ಬಂದಿದ್ದ. ನಮ್ಮ ಅನಾನಸಿನ ಬೇಲಿ ದಾಟಿದರೆ ಅವನ ಶುಂಠಿ. ಕಾಡುಹಂದಿಗಳಿಗೆ ಆ ಬೇಲಿಯ ವಿಷಯ ಯಾರೂ ಹೇಳಿಲ್ಲ.

"ಮೇಷ್ಟ್ರೆ, ಕೈ ಹೆಂಗದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಸಂಕಟ ತೋಡಿಕೊಂಡ. "ಕೋವಿ ತೋಟಾ ಖಾಲಿ ಮಾರಾಯ್ರೆ. ಹಂದಿ ನಂಗೆ ಹೆದರೋ ಕಾಲ ಹೋಯ್ತು. ಈಗ ಅವು ಬಂದ್ರೆ ನಾನೇ ಕೆಮ್ಮಿ ದಾರಿ ಬಿಡ್ತೀನಿ."

ಅವನ ಕೋವಿ, ನಮ್ಮ ಕೋವಿ ಎರಡೂ ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಹಳೆಯ ಕೋವಿಗಳು. ಇಬ್ಬರ ಅಪ್ಪಂದಿರೂ ಒಟ್ಟಿಗೆ ಹೋಗಿ ಒಬ್ಬನೇ ಸಾಹೇಬನಿಂದ ತಂದದ್ದಂತೆ. ತೋಟಾ ಕೂರುವ ಗೂಡು ಇವುಗಳಲ್ಲಿ ಗಿಡ್ಡ. ಅಂಗಡಿಯಲ್ಲಿ ಈಗ ಸಿಗುವುದೆಲ್ಲ ಉದ್ದನೆಯ ಪ್ಲಾಸ್ಟಿಕ್ ತೋಟಾ. ಹಾಗಾಗಿ ಹಳೆಯ ಕಾಗದದ ಗಿಡ್ಡ ತೋಟಾಗಳನ್ನೇ, ಹೊಡೆದ ಮೇಲೆ ಹೆಕ್ಕಿ ತಂದು ಮತ್ತೆ ಮತ್ತೆ ತುಂಬಬೇಕು. ಇಷ್ಟು ದಿನ ಇಬ್ಬರಿಗೂ ತುಂಬುತ್ತಿದ್ದವರು ಇವರು.

ಉದ್ದದ್ದನ್ನು ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ.

"ಒಳಗೆ ಹೋಗ್ತು, ಎಂತ ತೊಂದರೆ ಇಲ್ಲೆ," ಎಂದರು ಇವರು. "ಹೊಡದಾಗ ತೋಟಾದ ಮಡಚಿದ ಬಾಯಿ ಬಿಚ್ಚಕಲ? ಬಿಚ್ಚಲೆ ಜಾಗ ಇಲ್ಲೆ. ಜಾಗ ಇಲ್ದೇ ಬಾಯಿ ಬಿಚ್ಚಿರೆ ಕೋವಿಯೇ ಒಡೀತು. ಗೊತ್ತಾತನೆ?"

ಗೊತ್ತಾಯಿತು. ಈ ಮನೆಯಲ್ಲಿ ಮೊದಲ ಸಲಕ್ಕೇ ನನಗೆ ಅರ್ಥವಾದ ಯಂತ್ರವಿದ್ಯೆ ಇದು.

"ಇವಳತ್ರ ತುಂಬಸ್ತಿ," ಎಂದರು ಹೂವಪ್ಪನಿಗೆ.

"ಅಮ್ಮೋರತ್ರನಾ? ಒಳಗೆ ಪದ್ಯ ತುಂಬ್ಯಾರು ಮೇಷ್ಟ್ರೆ! ಹಂದಿ ಕೂತು ಕೇಳ್ತದೆ."

ಇಬ್ಬರೂ ನಕ್ಕರು. ಕಾಯಿಲೆಯಾದ ಮೇಲೆ ಇವರು ನಕ್ಕದ್ದು ಇದೇ ಮೊದಲು. ನನ್ನ ಮೇಲಾದರೂ ಸರಿ, ನಕ್ಕರಲ್ಲ ಎಂದು ಸಮಾಧಾನವಾಯಿತು.

ನವೆಂಬರ್ ೧೯

ಪಾಠ ಶುರುವಾಯಿತು. ಇವರು ಕುರ್ಚಿಯಲ್ಲಿ, ನಾನು ಮೇಜಿನ ಮುಂದೆ ನಿಂತು.

ಹೊಡೆದ ತೋಟಾದ ಹಿತ್ತಾಳೆ ತಳದಲ್ಲಿ, ಮದ್ದಿಗೆ ಕಿಡಿ ಕೊಟ್ಟು ಸತ್ತ ಕೇಪು ಕೂತಿರುತ್ತದೆ. ಒಳಗಿಂದ ಸಣ್ಣ ಸಲಾಕೆ ಹಾಕಿ ಅದನ್ನು ಹೊರಕ್ಕೆ ದೂಡಬೇಕು, ಹೊಸ ಕೇಪನ್ನು ಒತ್ತಿ ಕೂರಿಸಬೇಕು. ಮೇಲೆ ಮದ್ದು, ಅದಕ್ಕೊಂದು ರಟ್ಟಿನ ಬಿಲ್ಲೆ, ಕಂಬಳಿಯ ದಪ್ಪ ಬಿಲ್ಲೆ, ಆಮೇಲೆ ಸೀಸದ ಚರೆ, ಅದರ ಮೇಲೆ ತೆಳು ಬಿಲ್ಲೆ. ಕೊನೆಗೆ ಕಾಗದದ ಬಾಯಿಯನ್ನು ಒಳಕ್ಕೆ ಸುತ್ತಿ ಮಡಚಬೇಕು. ಅದಕ್ಕೊಂದು ಮೆಷಿನ್ನು ಇದೆ, ಕಾಯಿ ತುರಿಯುವ ಯಂತ್ರದ ಹಾಗೆ ಮೇಜಿನ ಅಂಚಿಗೆ ಕಚ್ಚಿಸುವಂಥದು. ಎಡಗೈಯಲ್ಲಿ ಸನ್ನೆ ಒತ್ತಿ ಹಿಡಿದು ಬಲಗೈಯಲ್ಲಿ ಹಿಡಿ ತಿರುಗಿಸಿದರೆ ಬಾಯಿ ತಾನಾಗಿ ಹೊರಳಿ ಮುಚ್ಚಿಕೊಳ್ಳುತ್ತದೆ.

"ಗುದ್ದಡ! ಕೇಪನ್ನ ಒತ್ತಕು, ಗುದ್ದಲೆ ಅದೆಂತ ನಿನ್ನ ಒಬ್ಬಟ್ಟಿನ ಕಣಕವ? ಎಂ.ಎ. ಮಾಡಿದ ಎಮ್ಮೆಗೆ ಇಷ್ಟೂ ಗೊತ್ತಿಲ್ಲೆ."

ನಾನು ಕೇಪನ್ನು ಕೆಳಗಿಟ್ಟೆ. ಈ ಪುಟ್ಟ ಕೊಳವೆ ಯಾವ ಪ್ರಾಣಿಯ ಮೈ ಸೇರುತ್ತದೋ ಎಂಬ ಯೋಚನೆ. "ಚರೆ ಹಾಕದ್ದೆ, ಬರೀ ಮದ್ದಿಂದು ಮಾಡಲೆ ಬತ್ತಿಲ್ಯ? ಶಬ್ದಕ್ಕೇ ಓಡ್ತ ಅಲ್ದ ಹಂದಿ?" ಎಂದೆ. ದೊಡ್ಡ ಮನಸ್ಸು ಮಾಡಿ ಒಪ್ಪಿದರು.

ಬಿಲ್ಲೆ ಕತ್ತರಿಸಲು ಹಳೆಯ ಮದುವೆ ಕಾಗದಗಳೇ ಒಳ್ಳೆಯವಂತೆ, ರಟ್ಟು ಗಟ್ಟಿ. ಅಟ್ಟದ ಮೇಲೆ ಒಂದು ಕಟ್ಟೇ ಇತ್ತು. ಗಣಪತಿ ಚಿತ್ರ ಇದೆಯೆಂದು ಒಲೆಗೂ ಹಾಕದೆ, ತಿಪ್ಪೆಗೂ ಎಸೆಯದೆ ಎಲ್ಲ ಮನೆಗಳಲ್ಲೂ ಉಳಿಯುವ ಕಟ್ಟು. ನಾನು ಗಣಪತಿಯನ್ನು ಕತ್ತರಿಯಲ್ಲಿ ಬೇರೆ ಮಾಡಿ ದೇವರ ಗೂಡಿನಲ್ಲಿಟ್ಟು, ಉಳಿದ ರಟ್ಟಿನ ಮೇಲೆ ದುಂಡು ಬಾಯಿಯ ಉಳಿ ಇಟ್ಟು ಸುತ್ತಿಗೆಯಿಂದ ಬಡಿದೆ. ವಧುವಿನ ಹೆಸರಿನ ಅರ್ಧ, ಮುಹೂರ್ತದ ಅರ್ಧ ಬಿಲ್ಲೆಯಾಗಿ ಬಿತ್ತು. ಯಾರ ಮದುವೆಯೋ, ಕ್ಷಮಿಸಲಿ.

ನವೆಂಬರ್ ೨೬

ದೀಪಶ್ರೀ ವಾರಕ್ಕೆರಡು ಸಲ ಹೊಸನಗರದಿಂದ ಸ್ಕೂಟಿಯಲ್ಲಿ ಬರುತ್ತಾಳೆ, ಫಿಸಿಯೋಥೆರಪಿಗೆ. ಚಿಕ್ಕ ಹುಡುಗಿ, ಆದರೆ ಇವರ ಗದರಿಕೆಗೆ ಜಗ್ಗುವುದಿಲ್ಲ. ಇವತ್ತು ಮೇಜಿನ ಮೇಲಿದ್ದ ಮೆಷಿನ್ನು ನೋಡಿ ಇದೇನೆಂದು ಕೇಳಿ, ತಾನೇ ಒಂದು ಸಲ ಹಿಡಿ ತಿರುಗಿಸಿ ನೋಡಿದಳು.

"ಸರ್, ನಾನು ಹಿಚುಕೋಕೆ ಕೊಟ್ಟ ಚೆಂಡನ್ನ ನೀವು ನಾಯಿಗೆ ಎಸೆದಿದೀರಿ ಅಂತ ಗೊತ್ತು. ಬಿಡಿ. ಇದನ್ನೇ ಮಾಡಿ. ಬೆರಳು, ಮಣಿಕಟ್ಟು, ಮೊಣಕೈ, ಎಲ್ಲಕ್ಕೂ ಕೆಲಸ ಇದೆ ಇದ್ರಲ್ಲಿ."

"ಎಂತ, ಒಂದು ಸುತ್ತು ತಿರುಗಸಲೂ ಬತ್ತಿಲ್ಲೆ."

"ಕಾಲು ಸುತ್ತು ತಿರುಗ್ಸಿ. ಸಾಕು."

ಹೊರಡುವಾಗ ನನ್ನನ್ನು ಅಂಗಳಕ್ಕೆ ಕರೆದು ಹೇಳಿದಳು: "ಮೇಡಂ, ಒಂದ್ ಮಾತು. ನಿಧಾನ ಆಗ್ತದೆ, ಹಾಳಾಗ್ತದೆ ಅಂತ ನೀವು ಕೈ ಹಾಕ್ಬೇಡಿ. ಬೇಸಿಗೆ ಮುಗಿಯೋದ್ರೊಳಗೆ ಆ ಕೈಗೆ ಎಷ್ಟು ಬರ್ತದೋ ಅಷ್ಟೇ ಬರೋದು. ಸುಮ್ನೆ ಬಿಟ್ರೆ ಮುಷ್ಟಿ ಮುದುಡ್ಕೊಂಡು ಹಾಗೇ ಗಟ್ಟಿ ಆಗ್ಬಿಡ್ತದೆ. ಆಮೇಲೆ ನಾನೂ ಬಿಡಿಸೋಕಾಗಲ್ಲ."

ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ.

ಡಿಸೆಂಬರ್ ೩

ಇವತ್ತು ತಿರುಗಿತು!

ಬೆರಳುಗಳನ್ನು ಹಿಡಿಯ ಸುತ್ತ ನಾನೇ ಒಂದೊಂದಾಗಿ ಕೂರಿಸಿದೆ. ಹಣೆಯಲ್ಲಿ ನರ ಉಬ್ಬಿತು, ತುಟಿ ಓರೆಯಾಯಿತು, ಹಿಡಿ ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ ಕೆಳಕ್ಕೆ ಜಾರಿತು. ಕಾಲು ಸುತ್ತು ಇರಬಹುದು. ತೋಟಾದ ಬಾಯಿ ಹರಿದು ಹೋಯಿತು. ಹೋಗಲಿ! ನಾನು ಚಪ್ಪಾಳೆ ತಟ್ಟಿದೆ.

"ಎಂತ ಚಪ್ಪಾಳೆ ಹೊಡಿತೆ, ಬಾಲವಾಡಿಯ ಇದು?" ಎಂದು ಗದರಿದರು. ಆದರೆ ಮುಖದಲ್ಲಿ ಏನೋ ಹೊಳೆಯಿತು. ಮತ್ತೆ ಇನ್ನೊಂದು ಕೇಳಿದರು. ಅದೂ ಹರಿಯಿತು. ಮೂರನೆಯದನ್ನೂ ಹರಿದು, ಸುಸ್ತಾಗಿ ಕುರ್ಚಿಗೆ ಒರಗಿ, "ನಾಳೆ," ಎಂದರು.

'ನಾಳೆ' ಎಂಬ ಮಾತು ಇವರ ಬಾಯಲ್ಲಿ ಎಷ್ಟು ಚೆಂದ ಕೇಳಿಸಿತು. ಅಂಗಳದಲ್ಲಿ ಇಬ್ಬನಿ ಆರುವ ಮೊದಲಿನ ಬಿಸಿಲು. ಯಾವುದೋ ಹಳೆಯ ಪದ್ಯದ ಲಯ ತಲೆಯೊಳಗೆ, ಪದ ಮಾತ್ರ ನೆನಪಾಗಲಿಲ್ಲ. ಲಯವೇ ಸಾಕಿತ್ತು.

ಡಿಸೆಂಬರ್ ೧೨

ಒಂದು ತೋಟಾಕ್ಕೆ ಹಿಡಿಯುವ ಮದ್ದು ಮತ್ತು ಚರೆಗೆ ಇಲ್ಲಿ 'ಈಡು' ಎನ್ನುತ್ತಾರೆ. ಹೊಡೆದ ಗುಂಡೂ ಈಡೇ. ನಿಘಂಟು ತೆಗೆದು ನೋಡಿದೆ. ಸಮಾನ, ಒತ್ತೆ, ಗುರಿ. ಈಡಾಗುವುದು, ಈಡೇರುವುದು, ಈಡಿಲ್ಲದ್ದು. ಇಷ್ಟು ಚಿಕ್ಕ ಪದ ಎಷ್ಟೊಂದನ್ನು ಬಾಯಿ ಮಡಚಿ ಒಳಗಿಟ್ಟುಕೊಂಡಿದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಈಡು ಎಂದರೆ ಯಾವ ಅರ್ಥ ಹಿಡಿಯಬೇಕು?

ಇಬ್ಬನಿಗೆ ಕಾಗದ ಉಬ್ಬಿ ಖಾಲಿ ತೋಟಾಗಳು ಕೋವಿಯ ಗೂಡಿಗೆ ಇಳಿಯುತ್ತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೊರದಲ್ಲಿ ಹಪ್ಪಳದ ಹಾಗೆ ಹರಡಿದೆ. ಆಮೇಲೆ ಸುಕ್ಕು ಬಂದ ಬಾಯಿಯನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಕೊಯ್ದು, ಮೇಣ ಸವರಿ ಇಟ್ಟೆ. ಬ್ಲೇಡು ಕಾಗದವನ್ನು ಸುತ್ತಿ ಬರುವ ಸದ್ದು ಹಿತವಾಗಿದೆ. ಇವರು ದೂರದಿಂದ ನೋಡಿ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಸರಿಯಾಗಿದೆ ಎಂದರ್ಥ.

ಇವರ ಕೈ ಇವತ್ತು ಅರ್ಧ ಸುತ್ತು ಹೋಯಿತು.

ಡಿಸೆಂಬರ್ ೨೧

ತೀರ್ಥಹಳ್ಳಿಯಲ್ಲಿ ಕವಿಗೋಷ್ಠಿ. ಮೊದಲೇ ಒಪ್ಪಿದ್ದೆನೆಂದು, ಇವರ ಹತ್ತಿರ ಹೂವಪ್ಪನನ್ನು ಕೂರಿಸಿ ಹೋಗಿ ಬಂದೆ. "ಈಗ ಶ್ರೀಮತಿ ಮನೋರಮಾ ಅವರಿಂದ ಕವನ ವಾಚನ" ಎಂದಾಗ ಬೇರೆ ಯಾರನ್ನೋ ಕರೆದಂತಾಯಿತು.

ನನಗಿಂತ ಮೊದಲು ಓದಿದವರದು ನೆನೆದ ಮದ್ದು. ಕಡ್ಡಿ ಗೀರಿದರೂ ಹತ್ತಲಿಲ್ಲ. ನನ್ನ ನಂತರದವರು ಬಾಯಿ ಸರಿಯಾಗಿ ಮಡಚಿರಲಿಲ್ಲ, ಎಲ್ಲ ದಾರಿಯಲ್ಲೇ ಚೆಲ್ಲಿತು. ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೂತು, ಕಂಬಳಿ ಬಿಲ್ಲೆಗಳನ್ನು ಒಂದೇ ದಪ್ಪಕ್ಕೆ ಕೊಯ್ಯುವುದು ಹೇಗೆಂದು ಯೋಚಿಸುತ್ತಾ ಬಂದೆ.

ಮನೆಗೆ ಬಂದರೆ ಇವರು ನಾನಿಲ್ಲದಾಗ ಮೆಷಿನ್ನಿಗೆ ಕೈ ಹಾಕಿ ಎಷ್ಟೊಂದು ಹರಿದಿದ್ದರು. ನೆಲದ ಮೇಲೆಲ್ಲ ಚೂರು. ನಾನು ಮೊರದಲ್ಲಿ ಒಣಗಿಸಿ, ಕೊಯ್ದು, ಮೇಣ ಹಚ್ಚಿದ್ದವು.

"ಮುಕ್ಕಾಲು ಸುತ್ತು ಆತು," ಎಂದರು ಇವರು, ನನ್ನನ್ನೇ ನೋಡುತ್ತಾ.

"ಹೌದ," ಎಂದೆ. ಚೂರುಗಳನ್ನು ಗುಡಿಸಿದೆ.

ಜನವರಿ ೫

ಕಾಗದದ ತೋಟಾ ಈಗ ಎಲ್ಲೂ ಸಿಗುವುದಿಲ್ಲ ಎಂಬುದು ಇವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಒಂದು ಹರಿದರೆ ಒಂದು ಕಡಿಮೆ. ಅನಾನಸಿಗೆ ಕಾಯಿ ಕಟ್ಟಿದೆ, ಹಂದಿ ದಿನಾ ಬೇಲಿ ಮೂಸುತ್ತಿದೆ. ಇವರು ಅಭ್ಯಾಸ ಮಾಡುತ್ತಾ ಕೂತರೆ ಫಸಲು ಬರುವ ಹೊತ್ತಿಗೆ ಉಳಿಯುವುದು ಹಿತ್ತಾಳೆ ತಳಗಳು ಮಾತ್ರ.

ಹಾಗಾಗಿ ಒಂದು ಏರ್ಪಾಡು ಮಾಡಿದೆ. ಮೊದಲ ಅರ್ಧ ಸುತ್ತು ಇವರು, ಉಳಿದದ್ದು ನಾನು. ಇಬ್ಬರ ಕೈಯೂ ಒಂದೇ ಹಿಡಿಯ ಮೇಲೆ. ಕೇಳಲು ಪದ್ಯದಂತಿದೆ. ಆದರೆ ಇವರ ಕೈ ಅಡ್ಡ ಎಳೆಯುತ್ತದೆ, ನನ್ನ ಲಯ ಕೆಡುತ್ತದೆ.

"ನಿನ್ನ ಕೈ ತೆಗಿಯೆ! ಆನೇ ತಿರುಗಸ್ತಿ."

"ತಿರುಗಿಸಿ ಹರೀತ್ರಿ. ಮತ್ತೆ ಹೊಸತು ಎಲ್ಲಿದ್ದು?"

ಬೈದರು. ಬೈಗುಳಕ್ಕೆ ಮೊದಲಿನ ಈಡಿಲ್ಲ.

ಜನವರಿ ೧೭

ದೀಪಶ್ರೀ ಕೇಳಿದಳು: "ಮೇಡಂ, ಮೆಷಿನ್ ಮಾಡ್ತಾ ಇದಾರಲ್ವಾ?"

"ದಿನಾ," ಎಂದೆ. ದಿನಾ ಮೆಷಿನ್ನಿನ ಎದುರಿಗೇ ಕೂತಿರುತ್ತಾರೆ. ಸುಳ್ಳೇನಲ್ಲ.

ಇವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಅವಳಿಗೆ ಕಾಫಿ ತಂದೆ.

ಉಳಿಯ ಮೊನೆ ಮೊಂಡಾಗಿತ್ತು, ಸಾಗರಕ್ಕೆ ಹೋದಾಗ ಸಾಣೆ ಹಿಡಿಸಿದೆ. ಈಗ ಒಂದೇ ಏಟಿಗೆ ಬಿಲ್ಲೆ ಬೀಳುತ್ತದೆ. ಚಿತ್ರ ಬೇರೆ ಮಾಡಿ ಕತ್ತರಿಸುತ್ತಾ ಕೂರಲು ಹೊತ್ತಿಲ್ಲ. ಎರಡು ಬಿಲ್ಲೆಗಳಲ್ಲಿ ಗಣಪತಿಯ ಸೊಂಡಿಲು ಬಂತು, ಒಂದರಲ್ಲಿ ಕಿವಿ. ಒಳ್ಳೆಯ ದಪ್ಪ ರಟ್ಟು.

ಜನವರಿ ೨೮

ಮೆಷಿನ್ನನ್ನು ಹಿತ್ತಿಲ ಜಗುಲಿಗೆ ಸಾಗಿಸಿದೆ. ಅಲ್ಲಿ ಬೆಳಕು ಚೆನ್ನಾಗಿದೆ. ಕುರ್ಚಿ ಹಿಡಿಸುವಷ್ಟು ಜಾಗವಿಲ್ಲ.

ಫೆಬ್ರವರಿ ೯

ಹೂವಪ್ಪ ಬಂದವನು ನೇರ ಹಿತ್ತಿಲಿಗೇ ಬಂದ. ಮೊದಲು ಒಳಗೆ ಹೋಗಿ ಮೇಷ್ಟ್ರನ್ನು ಮಾತಾಡಿಸುತ್ತಿದ್ದ. ಈಗ ನನ್ನ ಹತ್ತಿರ ತೋಟಾ ತೆಗೆದುಕೊಂಡ ಮೇಲೆ, ಹೊತ್ತಿದ್ದರೆ.

"ಅಮ್ಮಾ, ನಿಮ್ ಈಡು ಅಂದ್ರೆ ಈಡು ಮಾರಾಯ್ರೆ. ಗುಡ್ಡ ಒಂದ್ಸಲ ಬೆಚ್ಚಿ ಬೀಳ್ತದೆ. ಮೇಷ್ಟ್ರದ್ದು ಹತ್ರಲ್ಲಿ ಒಂದು ಠುಸ್ ಅಂತಿತ್ತು. ಆದ್ರೂ ಬರೀ ಮದ್ದಿಗೆ ಹಂದಿಗಳು ಹೊಂದ್ಕಂಡಾವೆ. ಸ್ವಲ್ಪ ಚರೆ ಹಾಕಿಕೊಡಿ."

ಚರೆ ಹಾಕಿಯೇ ಕೊಟ್ಟೆ. ಹಾಕಬಾರದೆಂದು ಮೊದಲು ಯಾಕೆ ಹಟ ಹಿಡಿದಿದ್ದೆನೋ, ಈಗ ನೆನಪಾಗುತ್ತಿಲ್ಲ.

ಅಷ್ಟರಲ್ಲಿ ಅವರು ಕೋಲೂರಿಕೊಂಡು ಬಾಗಿಲಿಗೆ ಬಂದರು. ಬಂದವರೇ ಎಡಗೈಯಿಂದ ಬಲಗೈ ಎತ್ತಿ ಮೆಷಿನ್ನಿನ ಹಿಡಿಯ ಮೇಲೆ ಇಟ್ಟರು. ಅದರೊಳಗೆ ಮಡಚಲು ತಯಾರಾದ ತೋಟಾ ಇತ್ತು.

"ಕೊಡು. ಹೂವಪ್ಪ ನೋಡ್ಲಿ."

ನಾನು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, ಅವರು ಶಾಲೆಯ ಅಂಗಳದಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದೆ: "ವಿಶ್ರಾಮ್!"

ಹೂವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಷ್ಟ್ರೆ, ಅಮ್ಮೋರೇ ಈಗ ಹೆಡ್ಮಾಸ್ತರು! ನೀವು ಹಾಜರಿ ಹೇಳಿ ಕೂತ್ಕಳಿ!"

ನನಗೂ ನಗು ತಡೆಯಲಾಗಲಿಲ್ಲ. ಅವರು ಒಳಗೆ ಹೋದರು. ತಮಾಷೆ ಮಾಡುವವರಿಗೆ ತಮಾಷೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಎಷ್ಟೋ ಸಲ ಗಮನಿಸಿದ್ದೇನೆ.

ಫೆಬ್ರವರಿ ೨೦

ಅನಾನಸಿಗೆ ಈಗ ಮುಸಿಯ ಮಂಗಗಳೂ ಬರುತ್ತಿವೆ. ಹೂವಪ್ಪ ಬೆಳಿಗ್ಗೆ ಬಂದು ಜಗುಲಿಯ ತುದಿಯಲ್ಲಿ ಕೂತ, ನೀರು ಕೇಳಿ ಕುಡಿದ.

"ಬೆದರಿಸೋಕೆ ಅಂತ ಹೊಡೆದಿದ್ದಮ್ಮ. ಅಡ್ಡ ಬಂತು. ಎದೆಗೆ ಮರಿ ಕಚ್ಕಂಡಿತ್ತು. ತಾಯಿ ಬಿದ್ದ ಮೇಲೂ ಮರಿ ಬಿಡಲಿಲ್ಲ."

"ಎಷ್ಟು ದೂರದಿಂದ ಹೊಡೆದೆ?"

"ಹಲಸಿನ ಮರದಿಂದ ಬೇಲಿಗೆ."

"ಅಷ್ಟು ದೂರಕ್ಕೆ ಚರೆ ಎಷ್ಟಗಲ ಹರಡಿತ್ತು? ಒಂದೇ ಕಡೆ ಗುಂಪಾಗಿ ಬಿದ್ದಿತ್ತೋ, ಚದುರಿತ್ತೋ?"

ಅವನು ನನ್ನ ಮುಖ ನೋಡಿದ. "ನೋಡ್ಲಿಲ್ಲ ಅಮ್ಮ," ಎಂದ.

ನೋಡಬೇಕಿತ್ತು. ಕಂಬಳಿ ಬಿಲ್ಲೆಯನ್ನು ದಪ್ಪ ಮಾಡಿದ ಮೇಲೆ ಚರೆ ಹರಡುವುದು ಕಡಿಮೆಯಾಗಿದೆಯೇ ಇಲ್ಲವೇ ಎಂದು ತಿಳಿಯಲು ಇದ್ದ ಒಂದು ಅವಕಾಶ ಹೋಯಿತು.

ದಿಂಬಿನ ಪಕ್ಕದ ಕವನ ಸಂಕಲನದ ಮೇಲೆ ಧೂಳು ಕೂತಿತ್ತು. ಒರೆಸಿ ಕಪಾಟಿನಲ್ಲಿಟ್ಟೆ.

ಮಾರ್ಚ್ ೪

ಬ್ಯಾಂಕಿನ ಕೆಲಸಕ್ಕೆ ಹೊಸನಗರಕ್ಕೆ ಹೋಗಿದ್ದೆ. ಬರುವಾಗ ಹಿತ್ತಿಲಿಂದ ಏದುಸಿರು ಕೇಳಿಸಿತು. ಹಸು ಒಳಗೆ ಬಂದಿದೆ ಎಂದುಕೊಂಡೆ.

ಅವರು. ಜಗುಲಿಯ ನೆಲದಲ್ಲಿ ಮಂಡಿಯೂರಿ ಕೂತಿದ್ದರು. ಬಲಗೈಯ ಬೆರಳುಗಳನ್ನು ಹಿಡಿಯ ಸುತ್ತ ಮಡಚಿ, ಟವೆಲ್ಲಿನಿಂದ ಬಿಗಿದಿದ್ದರು. ಗಂಟಿನ ಒಂದು ತುದಿ ಇನ್ನೂ ಹಲ್ಲಿನಲ್ಲಿತ್ತು, ಜೊಲ್ಲಿಗೆ ನೆನೆದು. ಅಂಗಿಯೆಲ್ಲ ಬೆವರು. ನನ್ನನ್ನು ಕಂಡು ಟವೆಲ್ ಬಾಯಿಂದ ಬಿಟ್ಟು, ಮೆಷಿನ್ನಿನಿಂದ ಒಂದು ತೋಟಾ ಎಡಗೈಯಲ್ಲಿ ತೆಗೆದು ನನ್ನ ಕಡೆ ಚಾಚಿದರು.

"ಮನೋರಮಾ. ನೋಡು. ಆನೇ ಮಾಡಿದ್ದು. ಪೂರ್ತಿ ಸುತ್ತು. ಹರದ್ದಿಲ್ಲೆ."

ಹೆಸರು ಹಿಡಿದು ಕರೆದರು. ಉಚ್ಚಾರ ಸರಿ ಇರಲಿಲ್ಲ, 'ರ' ಎಲ್ಲೋ ಜಾರಿತು.

ತೋಟಾವನ್ನು ಬೆಳಕಿಗೆ ಹಿಡಿದು ನೋಡಿದೆ. ಹರಿದಿರಲಿಲ್ಲ, ನಿಜ. ಬಾಯಿ ಒಂದು ಕಡೆ ಚೆನ್ನಾಗಿ ಹೊರಳಿತ್ತು, ಇನ್ನೊಂದು ಕಡೆ ಹುಬ್ಬಿನಂತೆ ಮೇಲೆದ್ದಿತ್ತು. ಕೋವಿಗೆ ಹಾಕಿದರೆ ಬಹುಶಃ ಹೋಗುತ್ತಿತ್ತು. ಬಹುಶಃ ಹೊಡೆಯುತ್ತಲೂ ಇತ್ತು. ಆದರೆ ನನ್ನ ಸಾಲಿನ ಜೊತೆ ಇಡುವಂಥದ್ದಲ್ಲ.

"ಓರೆ ಆಯ್ದು," ಎಂದೆ.

ಬ್ಲೇಡು ತೆಗೆದು ಬಾಯಿಯನ್ನು ಸುತ್ತಲೂ ಕೊಯ್ದೆ. ತೆಳು ಬಿಲ್ಲೆ ಎಬ್ಬಿಸಿ ಚರೆಯನ್ನು ತಟ್ಟೆಗೆ ಸುರಿದೆ. ಹಿತ್ತಾಳೆ ತಟ್ಟೆಯಲ್ಲಿ ಅದು ಮಳೆಹನಿಯ ಹಾಗೆ ಸದ್ದು ಮಾಡುತ್ತದೆ, ನನಗೆ ಇಷ್ಟ. ಅವರ ಕೈಯ ಗಂಟು ಬಿಚ್ಚಿ, ಕೈ ಪಕ್ಕಕ್ಕಿಟ್ಟು, ಅದೇ ಈಡನ್ನು ಅದೇ ಕೊಳವೆಗೆ ಮತ್ತೆ ತುಂಬಿ ಬಾಯಿ ಮಡಚಿದೆ. ಸರಿಯಾಗಿ ಬಂತು. ಕಾಗದ ಒಂದು ಗೆರೆಯಷ್ಟು ಗಿಡ್ಡವಾಯಿತು, ಅಷ್ಟೇ ನಷ್ಟ.

"ಈಗ ನೋಡಿ," ಎಂದು ತೋರಿಸಿದೆ. ಕಲಿಯುವವರಿಗೆ ತಪ್ಪು ಎಲ್ಲಾಯಿತೆಂದು ತೋರಿಸಬೇಕು. ಅವರೂ ಹಾಗೇ ಅಲ್ಲವೇ ನನಗೆ ಕಲಿಸಿದ್ದು.

ಅವರು ನೋಡಲಿಲ್ಲ. ಏಳಲು ಆಗುತ್ತಿರಲಿಲ್ಲ, ಎತ್ತಿ ಒಳಗೆ ಕರೆದುಕೊಂಡು ಹೋದೆ.

ಮಾರ್ಚ್ ೧೧

ಮನೆಯಲ್ಲಿ ಗದ್ದಲವಿಲ್ಲ. ಎಂ.ಎ. ಎಂದು ಕೂಗಿ ಒಂದು ವಾರವಾಯಿತು. ನೀರು ಬೇಕಿದ್ದರೂ ಕೇಳುವುದಿಲ್ಲ, ನಾನು ಕೊಟ್ಟಾಗ ಕುಡಿಯುತ್ತಾರೆ. ಕೆಲಸ ಚೆನ್ನಾಗಿ ಸಾಗಿದೆ.

ಮಾರ್ಚ್ ೨೫

ದೀಪಶ್ರೀ ಅವರ ಬೆರಳು ಬಿಡಿಸಲು ತುಂಬ ಹೊತ್ತು ಹೆಣಗಿದಳು. ನೋವಿಗೆ ಕಣ್ಣು ಮುಚ್ಚಿಕೊಂಡರೇ ಹೊರತು ಅವರು ಬೈಯಲಿಲ್ಲ. ಅವಳು ಬಿಟ್ಟ ಕೂಡಲೇ ಬೆರಳುಗಳು ಹಾಗೇ ಹಿಂದಕ್ಕೆ ಮುದುಡಿಕೊಂಡವು.

"ಜನವರಿಲಿ ಎಷ್ಟು ಚೆನ್ನಾಗಿ ಬರ್ತಾ ಇತ್ತು," ಎಂದಳು. "ಸರ್, ಯಾಕೆ ಬಿಟ್ರಿ? ಏನಾಯ್ತು?"

ಅವರು ಗೋಡೆ ನೋಡುತ್ತಿದ್ದರು.

"ಅವ್ರಿಗೇ ಆಸಕ್ತಿ ಹೋಗ್ಬಿಡ್ತು," ಎಂದೆ ನಾನು. "ಎಷ್ಟು ಹೇಳಿದ್ರೂ ಕೇಳಲ್ಲ. ನಾನೊಬ್ಬಳೇ ಎಷ್ಟು ಅಂತ ಒದ್ದಾಡ್ಲಿ?"

ದೀಪಶ್ರೀ ನನ್ನ ಬೆರಳುಗಳನ್ನು ನೋಡಿದಳು. ಮದ್ದಿನ ಕಪ್ಪು ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಇನ್ನು ನಾನು ಬಂದು ಉಪಯೋಗ ಇಲ್ಲ ಮೇಡಂ. ಉಗುರು ಅಂಗೈಗೆ ನಾಟಿ ಗಾಯ ಆಗ್ತದೆ, ಮುಷ್ಟಿಯೊಳಗೆ ಬಟ್ಟೆ ಸುರುಳಿ ಏನಾದ್ರೂ ಇಟ್ಟಿರಿ. ಅದು ಬೀಳೋದೂ ಇಲ್ಲ ಬಿಡಿ."

ಹೊರಡುವಾಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಸತ್ತವರ ಮನೆಗೆ ಬಂದವರ ಹಾಗೆ ಏನಿದು? ಈಗಿನ ಹುಡುಗಿಯರಿಗೆ ಎಲ್ಲವೂ ಸ್ವಲ್ಪ ಅತಿ.

ಏಪ್ರಿಲ್ ೬

ಅನಾನಸು ಬಣ್ಣ ತಿರುಗಿದೆ. ವಾಸನೆ ಗುಡ್ಡದಾಚೆಗೂ ಹೋಗುತ್ತಿದೆ, ಹಂದಿ ಹಿಂಡುಹಿಂಡಾಗಿ ಇಳಿಯುತ್ತಿದೆ. ಹೂವಪ್ಪನಿಗೆ ತೋಟಾ ಎಷ್ಟು ಕೊಟ್ಟರೂ ಸಾಲದು. ಇಂಥ ಹೊತ್ತಿನಲ್ಲೇ ತೋಟಾ ನಿಲ್ಲಿಸುವ ತೂತಿನ ಹಲಗೆ ಬಿಸಿಲಿಗೆ ಸೀಳಿಹೋಯಿತು. ಕೊಳವೆಗಳು ಓಲಾಡುತ್ತವೆ, ಸುರಿದ ಚರೆಯಲ್ಲಿ ಅರ್ಧ ನೆಲಕ್ಕೆ.

ಬೆಳಿಗ್ಗೆ ಅವರ ಮೈ ಒರೆಸುವಾಗ ಮುಷ್ಟಿಯೊಳಗಿನ ಬಟ್ಟೆ ಸುರುಳಿ ಒದ್ದೆಯಾಗಿತ್ತು. ಬೇರೆ ಬಟ್ಟೆ ಕೈಗೆ ಸಿಗಲಿಲ್ಲ, ಸೆರಗಿನ ಗಂಟಿನಲ್ಲಿದ್ದ ಒಂದು ಖಾಲಿ ತೋಟಾ ತೂರಿಸಿದೆ. ಎಷ್ಟು ಸರಿಯಾಗಿ ಕೂತಿತು ಎಂದರೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ತಳ ಕೆಳಗೆ, ಬಾಯಿ ಮೇಲೆ. ಅಲುಗಿಸಿ ನೋಡಿದೆ, ಅಲುಗಲಿಲ್ಲ.

ಆಮೇಲೆ ಕುರ್ಚಿಯನ್ನು ಹಿತ್ತಿಲ ಜಗುಲಿಗೆ ತಂದೆ. ಸ್ವಲ್ಪ ಒತ್ತಿ ಸರಿಸಿದರೆ ಜಾಗ ಆಗುತ್ತದೆ. ಅವರನ್ನು ಕೂರಿಸಿ ಮುಷ್ಟಿಯನ್ನು ಮೇಜಿನ ಮೇಲಿಟ್ಟೆ. ಕೇಪು ಕೂರಿಸಿದ ತೋಟಾ ಅದರೊಳಗೆ ನಿಲ್ಲಿಸಿ ಮದ್ದು ಹಾಕಿದೆ, ಬಿಲ್ಲೆ ಕೂರಿಸಿದೆ, ಕಡ್ಡಿಯಿಂದ ಒತ್ತಿದೆ. ಮರದ ಹಲಗೆಗಿಂತ ಎಷ್ಟೋ ವಾಸಿ. ಒಂದು ಆದ ಮೇಲೆ ಎಳೆದು ತೆಗೆದು ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಒಂದು ಇಡೀ ಸಾಲು ತಯಾರು. ಇಷ್ಟು ತಿಂಗಳಲ್ಲಿ ನಾವಿಬ್ಬರೂ ಜಗಳವಿಲ್ಲದೆ ಜೊತೆಗೆ ಮಾಡಿದ ಕೆಲಸ ಇದೊಂದೇ.

ಕೊನೆಯದಕ್ಕೆ ಚರೆ ಸುರಿಯಲು ಚಮಚ ಎತ್ತಿದ್ದೆ. ಅವರ ಕಣ್ಣಿನಿಂದ ನೀರು ಇಳಿದು ಗದ್ದದ ತುದಿಗೆ ಬಂದು ನಿಂತಿತ್ತು. ಒರೆಸಿಕೊಳ್ಳಲು ಎಡಗೈ ಎತ್ತಿದರು. ಮೇಜು ಅದುರಿತು.

"ಅಲ್ಲಾಡಡಿ," ಎಂದೆ.

ಕೈ ಇಳಿಸಿದರು. ನಾನು ನಿಧಾನವಾಗಿ ಸುರಿದೆ. ಒಂದು ಚರೆಯೂ ಕೆಳಗೆ ಬೀಳಲಿಲ್ಲ.